ಬೀದಿಯ ಹೆಸರೂ ಬೀದಿಯವರ ಸಮ್ಮತಿಯೂ

ಅಹಿಂಸೆಯನ್ನು ಬೋಧಿಸಿದ ಮಹನೀಯರೊಬ್ಬರಿಗೆ ಗೌರವ ಸಲ್ಲಿಸುವಾಗ ಸಂಬಂಧಪಟ್ಟವರ ಮನಸ್ಸನ್ನು ಬದಿಗೊತ್ತಬಹುದೇ? ಹಾಗೆ ಸಲ್ಲಿಸಿದ ಗೌರವ ನಿಜವಾಗಿ ಅವರನ್ನು ಮುಟ್ಟುವುದೇ? ಅಮೆರಿಕೆಯ ಮಿಸೂರಿ ಸಂಸ್ಥಾನದ ಕಾನ್ಸಾಸ್ ಸಿಟಿಯಲ್ಲಿ 2019ರಲ್ಲಿ ರಸ್ತೆಯೊಂದರ ಹೆಸರಿನ ನಿಮಿತ್ತವಾಗಿ ನಡೆದ ವಿವಾದವು ಈ ಪ್ರಶ್ನೆಯನ್ನು ಇಡೀ ಊರಿನ ಮುಂದಿಟ್ಟಿತು.

ಪಸೇಯೊ ಎಂಬುದು ಆ ನಗರದ ಹಳೆಯ ಸಾಲುಮರದ ಮಾರ್ಗ. 1893ರ ಉದ್ಯಾನ ಯೋಜನೆಯಲ್ಲಿ ಜಾರ್ಜ್ ಕೆಸ್ಲರ್ ಎಂಬ ಶಿಲ್ಪಿ ಇದನ್ನು ಕಲ್ಪಿಸಿದನು. ಹೆಸರನ್ನು ಮೆಕ್ಸಿಕೊ ನಗರದ ಪ್ರಸಿದ್ಧ ರಾಜಬೀದಿಯಿಂದ ಎರವಲು ತರಲಾಯಿತು. ಕಾಲಕ್ರಮದಲ್ಲಿ ಆ ಮಾರ್ಗದ ಬಹುಭಾಗವು ಕಪ್ಪು ಜನಾಂಗದವರ ವಸತಿಯಾಯಿತು. ಎರವಲಿನ ಹೆಸರಾದರೂ ನಾಲ್ಕು ತಲೆಮಾರುಗಳ ಬಾಯಲ್ಲಿ ಬಳಕೆಯಾದ ಮೇಲೆ ಅದು ಸ್ವಂತದ್ದೇ ಆಗಿಬಿಡುತ್ತದೆ.

ಈ ಮಾರ್ಗಕ್ಕೆ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರಿಡಬೇಕೆಂದು ಕೇಳಿದವರ ಬೇಡಿಕೆ ಕೇವಲ ಅಭಿಮಾನದ ಮಾತಾಗಿರಲಿಲ್ಲ. ಅಮೆರಿಕೆಯ ನೂರಾರು ಊರುಗಳಲ್ಲಿ ಅವರ ಹೆಸರಿನ ಬೀದಿಗಳಿದ್ದವು. ಈ ದೊಡ್ಡ ನಗರದಲ್ಲಿ ಒಂದೂ ಇರಲಿಲ್ಲ. ಅದಕ್ಕಿಂತ ಆಳವಾದ ಗಾಯವೊಂದಿತ್ತು. 1968ರ ಏಪ್ರಿಲ್ 9ರಂದು, ಕಿಂಗ್ ಅವರ ಅಂತ್ಯಕ್ರಿಯೆಯ ದಿನ, ಇಲ್ಲಿಯ ಶಾಲೆಗಳಿಗೆ ರಜೆ ಕೊಡಲಿಲ್ಲ. ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ನಗರಸಭೆಯ ಭವನದತ್ತ ನಡೆದರು. ಪೊಲೀಸರು ಅಶ್ರುವಾಯು ಪ್ರಯೋಗಿಸಿದರು. ಮುಂದಿನ ದಿನಗಳ ಗಲಭೆಯಲ್ಲಿ ಪ್ರಾಣಗಳು ಹೋದವು. ಶೋಕಿಸುವುದಕ್ಕೂ ಅಪ್ಪಣೆ ಬೇಕಾದ ಊರಿನಲ್ಲಿ ಐವತ್ತು ವರ್ಷಗಳ ಮೇಲೆ ಒಂದು ನಾಮಫಲಕವನ್ನು ಕೇಳುವುದು ಸಣ್ಣತನವೆಂದು ಹೇಳುವ ಧೈರ್ಯ ಯಾರಿಗೆ ಬಂದೀತು?

2019ರ ಜನವರಿಯಲ್ಲಿ ನಗರಸಭೆಯು ಎಂಟಕ್ಕೆ ನಾಲ್ಕು ಮತಗಳಿಂದ ಹೊಸ ಹೆಸರನ್ನು ಅಂಗೀಕರಿಸಿತು. ತೊಡಕು ಹುಟ್ಟಿದ್ದು ಹೆಸರಿನಲ್ಲಲ್ಲ, ಕ್ರಮದಲ್ಲಿ. ಹೆಸರು ಬದಲಿಸುವ ಮುನ್ನ ರಸ್ತೆಯಂಚಿನ ಬಹುಪಾಲು ಆಸ್ತಿದಾರರ ಒಪ್ಪಿಗೆ ಪಡೆಯಬೇಕೆಂಬ ನಿಯಮವನ್ನು ಸಭೆಯು ಆ ಸಂದರ್ಭಕ್ಕೆ ಮಾತ್ರ ಸಡಿಲಿಸಿತ್ತು. ತಮ್ಮ ಮನೆಯ ವಿಳಾಸವನ್ನು ತಮ್ಮನ್ನು ಕೇಳದೆ ಬದಲಿಸಿದರೆಂದು ಹಲವು ನಿವಾಸಿಗಳು ನೊಂದರು. ನೊಂದವರಲ್ಲಿ ಕಿಂಗ್ ಅವರನ್ನು ಗೌರವಿಸುವವರೂ ಇದ್ದರು. ಅವರ ವಿರೋಧವನ್ನೆಲ್ಲ ವರ್ಣದ್ವೇಷವೆಂದು ಕರೆದದ್ದು ಅವಸರದ ಮಾತು. ಅಂಥ ದ್ವೇಷ ಎಲ್ಲಿಯೂ ಇರಲಿಲ್ಲವೆಂದು ಸಾಧಿಸಹೊರಡುವುದೂ ಅಷ್ಟೇ ಅವಸರದ್ದು.

ಹಳೆಯ ಹೆಸರನ್ನು ಮರಳಿ ತರಲು ಸಹಿ ಸಂಗ್ರಹವಾಗಿ, ನವೆಂಬರ್ 5ರಂದು ಜನಮತಕ್ಕೆ ದಿನ ಗೊತ್ತಾಯಿತು. ಅದಕ್ಕೆ ಎರಡು ದಿನ ಮೊದಲು, ಭಾನುವಾರ, ಹೊಸ ಹೆಸರಿನ ಬೆಂಬಲಿಗರು ಅದೇ ಮಾರ್ಗದ ಒಂದು ಚರ್ಚಿನಲ್ಲಿ ಸೇರಿದ್ದರು. ವಿರೋಧಿಗಳ ಗುಂಪೊಂದು ಒಳಬಂದು ಆಸನಗಳ ನಡುವಿನ ದಾರಿಯಲ್ಲಿ ತುಟಿಬಿಚ್ಚದೆ ನಿಂತಿತು. ಕೈ ಎತ್ತಲಿಲ್ಲ, ಕೂಗಲಿಲ್ಲ. ಇದು ಕಿಂಗ್ ಅವರು ಕಲಿಸಿದ ಮಾರ್ಗವೇ ಎಂದು ಅವರು ಹೇಳಬಹುದಾಗಿತ್ತು. 1959ರಲ್ಲಿ ಭಾರತಕ್ಕೆ ಬಂದು ಗಾಂಧೀಜಿಯವರ ದಾರಿಯನ್ನು ಹತ್ತಿರದಿಂದ ಅಭ್ಯಸಿಸಿದ ಕಿಂಗ್ ಅವರಿಗೆ ಮೌನದ ಬಲ ಚೆನ್ನಾಗಿ ತಿಳಿದಿತ್ತು. ಆದರೆ ಬಲವಂತರ ಬಾಗಿಲಲ್ಲಿ ನಿಂತ ಮೌನ ಬೇರೆ, ಪ್ರಾರ್ಥನಾಮಂದಿರದೊಳಗೆ ಹಳೆಯ ನೋವನ್ನು ಹಂಚಿಕೊಳ್ಳುತ್ತಿದ್ದವರ ನಡುವೆ ನಿಂತ ಮೌನ ಬೇರೆ. ಎದುರಿನವರ ಮನಸ್ಸು ಮುದುಡುವುದನ್ನು ಕಂಡೂ ನಿಂತೇ ಇರುವ ಮೌನಕ್ಕೆ ವಾಕ್ಸಂಯಮವೆಂಬ ಹೆಸರು ಒಪ್ಪಲಾರದು. ನಿಯಮವನ್ನು ಸಡಿಲಿಸಿದ ಸಭೆಯೂ ನಿಯಮ ಮೀರದೆ ನೋಯಿಸಿದ ಗುಂಪೂ, ತಮ್ಮ ತಮ್ಮ ಪಕ್ಷದಲ್ಲಿ ಸತ್ಯವಿದೆಯೆಂದೇ ಎದುರಿನವರ ಸತ್ಯವನ್ನು ಕಾಣದೆ ಹೋದವು.

ತತ್ತ್ವಾರ್ಥಸೂತ್ರವು ಹೇಳುವ ನಾಲ್ಕು ನಿಕ್ಷೇಪಗಳಲ್ಲಿ ನಾಮವು ಮೊದಲನೆಯದು, ಭಾವವು ಕಡೆಯದು. ಗುಣವನ್ನು ಅಪೇಕ್ಷಿಸದೆ ವ್ಯವಹಾರಕ್ಕಾಗಿ ಇಡುವುದು ನಾಮ. ಆ ಗುಣದೊಡನೆ ವರ್ತಮಾನದಲ್ಲಿ ಕೂಡಿರುವುದು ಭಾವ. ಕಾನ್ಸಾಸ್ ಸಿಟಿಯ ಸಭೆಯಲ್ಲಿ ನಾಮವು ಬಹುಮತದಿಂದ ದೊರೆಯಿತು. ನೆರೆಯವರ ಮನೆಬಾಗಿಲಿಗೆ ಹೋಗಿ, ಕೇಳಿ, ಕಾದು, ಒಲಿಸಿ ಪಡೆಯಬೇಕಾಗಿದ್ದ ಭಾವವನ್ನು ಯಾವ ಠರಾವೂ ಕೊಡಲಾರದಾಗಿತ್ತು.

ಜನಮತದಲ್ಲಿ ಸುಮಾರು ಶೇಕಡ 70ರಷ್ಟು ಮತಗಳು ಹಳೆಯ ಹೆಸರಿನ ಕಡೆಗೆ ಬಿದ್ದವು. ತಿಂಗಳುಗಳ ಹಿಂದಷ್ಟೇ ನೆಟ್ಟ ಫಲಕಗಳನ್ನು ಇಳಿಸಲಾಯಿತು. ಗೆದ್ದವರಿಗೂ ಅದು ಸಂಭ್ರಮದ ದೃಶ್ಯವಾಗಿರಲಾರದು.

2021ರಲ್ಲಿ ನಗರದ ಉದ್ಯಾನ ಮಂಡಳಿಯು ಬೇರೊಂದು ದಾರಿ ಹುಡುಕಿ, ವೋಲ್ಕರ್ ಬೊಲೆವಾರ್ಡ್, ಸ್ವೋಪ್ ಪಾರ್ಕ್‌ವೇ ಮತ್ತು ಬ್ಲೂ ಪಾರ್ಕ್‌ವೇಗಳನ್ನು ಕೂಡಿಸಿದ ಸುಮಾರು ಐದು ಮೈಲಿಗಳ ಮಾರ್ಗಕ್ಕೆ ಕಿಂಗ್ ಅವರ ಹೆಸರಿಟ್ಟಿತು. ಇಲ್ಲಿ ತೆರವಾದ ಹೆಸರುಗಳಲ್ಲಿ ಒಂದು ವಿಲಿಯಂ ವೋಲ್ಕರ್ ಎಂಬ ವರ್ತಕನದು. 1947ರಲ್ಲಿ ತೀರಿಕೊಂಡ ಈತ ತನ್ನ ಸಂಪಾದನೆಯ ಬಹುಭಾಗವನ್ನು ಹೆಸರು ಹೇಳಿಕೊಳ್ಳದೆ ದಾನ ಮಾಡಿದವನು. ಊರಿನವರು ಅವನನ್ನು ಅನಾಮಿಕನೆಂದೇ ಕರೆಯುತ್ತಿದ್ದರು. ವಿಶ್ವವಿದ್ಯಾಲಯವೊಂದಕ್ಕೆ ಅವನು ಕೊಟ್ಟ ನಲವತ್ತು ಎಕರೆ ನೆಲ ಅದೇ ಮಾರ್ಗದ ಬಳಿಯಲ್ಲಿದೆ. ರಸ್ತೆಯ ಫಲಕದಿಂದ ಅವನ ಹೆಸರು ಇಳಿಯಿತು. ಅವನು ಕೊಟ್ಟ ನೆಲದ ಮೇಲೆ ಇಂದಿಗೂ ತರಗತಿಗಳು ನಡೆಯುತ್ತಿವೆ.