ಕೇಳದ ಕಿವಿಯ ಹೊಣೆ

ಒಂದು ಕೃತಿ ಲೋಕದಲ್ಲಿ ಹೆಸರು ಪಡೆಯಿತೆಂದರೆ ಆ ಹೆಸರನ್ನು ನಾವು ಕೂಡಲೆ ಕರ್ತೃವಿನ ಲೆಕ್ಕಕ್ಕೆ ಜಮಾ ಕಟ್ಟುತ್ತೇವೆ. ಸೋತಿತೆಂದರೆ ಆ ಸೋಲನ್ನೂ ಅವನ ಖಾತೆಗೇ ಬರೆಯುತ್ತೇವೆ. ಕೇಳುವವನು, ಓದುವವನು, ನೋಡುವವನು ಈ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ. ಅವನು ತಕ್ಕಡಿ ಹಿಡಿದ ಸೆಟ್ಟಿಯಂತೆ ಹೊರಗೆ ನಿಂತು ತೂಗುವವನೇ ಹೊರತು ತಾನೆಂದೂ ತೂಕಕ್ಕೆ ಸಿಕ್ಕುವವನಲ್ಲ. ಇದು ನ್ಯಾಯವೇ ಎಂಬುದು ನಮ್ಮ ಪ್ರಶ್ನೆ. ಈ ವಿಚಾರಕ್ಕೆ ನಾವು ಆರಿಸಿಕೊಂಡ ದೃಷ್ಟಾಂತವು ಇಂತಹ ಪತ್ರಿಕೆಯ ಓದುಗರಿಗೆ ಸ್ವಲ್ಪ ವಿಚಿತ್ರವೆನಿಸಬಹುದು. ಅದು ಮಾತಿಲ್ಲದ, ವಿದ್ಯುದ್ಯಂತ್ರದಿಂದ ಹುಟ್ಟಿದ, ಕುಣಿತಕ್ಕೆಂದೇ ಮಾಡಿದ ಸಂಗೀತ.

ಉಮರ್ಗಾ, ನಿಲಂಗಾ, ಉದಗೀರಗಳ ಬೀದಿಗಳಲ್ಲಿ ಮದುವೆಯ ಮೆರವಣಿಗೆಯೋ ಗಣಪತಿಯ ವಿಸರ್ಜನೆಯೋ ಹೊರಟಾಗ ಡಿ.ಜೆ. ಎಂದು ಕರೆಯುವ ಧ್ವನಿವರ್ಧಕಗಳ ಗೋಡೆಯಿಂದ ಈ ಜಾತಿಯ ಸಂಗೀತ ಹೊರಡುವುದನ್ನು ನಾವೆಲ್ಲ ಬಲ್ಲೆವು. ಹುಡುಗರು ಕುಣಿಯುತ್ತಾರೆ, ಹಿರಿಯರು ಕಿವಿ ಮುಚ್ಚಿಕೊಂಡು, ‘ಇದೂ ಒಂದು ಸಂಗೀತವೇ, ಯಂತ್ರದ ಗದ್ದಲ’ ಎನ್ನುತ್ತಾರೆ. ಹಾಗೆನ್ನುವ ಹಿರಿಯರು ಮೆಚ್ಚಿ ತಲೆದೂಗುವ ಬೆಂಜೋ ಎಲ್ಲಿಂದ ಬಂದಿತು? 1912ರಲ್ಲಿ ಜಪಾನಿನ ನಾಗೋಯಾದಲ್ಲಿ ಹುಟ್ಟಿದ ತಾಯಿಶೋಗೋತೋ ಎಂಬ ಗುಂಡಿಗಳುಳ್ಳ ತಂತಿವಾದ್ಯವೇ ನಮ್ಮಲ್ಲಿ ಬುಲ್‌ಬುಲ್ ತರಂಗವಾಗಿ, ಬೆಂಜೋ ಆಗಿ ನೆಲೆಸಿದ್ದು. ಭಜನೆಯ ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಆ ಹಾರ್ಮೋನಿಯಮ್ಮನ್ನು 1940ರಿಂದ 1971ರ ವರೆಗೆ ಆಕಾಶವಾಣಿಯು ತನ್ನ ಪ್ರಸಾರದಿಂದ ದೂರವಿಟ್ಟಿತ್ತು. ಅದರ ಸ್ವರಗಳು ಮೆಟ್ಟಿಲಿನಂತೆ ಬಿಡಿಬಿಡಿಯಾಗಿ ನಿಂತಿರುವುದರಿಂದ ಒಂದು ಸ್ವರದಿಂದ ಮತ್ತೊಂದಕ್ಕೆ ಜಾರುವ ಮೀಂಡ್ ಅದರಲ್ಲಿ ಬಾರದು, ನಮ್ಮ ರಾಗಕ್ಕೆ ಅದು ಸಲ್ಲದು ಎಂಬುದು ವಿರೋಧಿಗಳ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ಆದರೂ ಆ ಮೂವತ್ತು ವರ್ಷ ನಮ್ಮ ಮಠ-ಮಂದಿರಗಳಲ್ಲಿ ಹಾರ್ಮೋನಿಯಂ ಬಾಯಿ ಮುಚ್ಚಲಿಲ್ಲ. ಈ ಮೀಂಡಿನ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಮತ್ತೆ ಬರುತ್ತದೆ.

1981ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಟಿ.ಬಿ.-303 ಎಂಬ ಸಣ್ಣ ಬೆಳ್ಳಿಬಣ್ಣದ ಪೆಟ್ಟಿಗೆಯನ್ನು ಮಾರಾಟಕ್ಕೆ ತಂದಿತು. ಒಬ್ಬಂಟಿಯಾಗಿ ಗಿಟಾರ್ ಅಭ್ಯಾಸ ಮಾಡುವವನಿಗೆ ಹಿಂದಿನಿಂದ ಮಂದ್ರಸ್ವರದ ಜೊತೆ ಕೊಡುವುದು ಅದರ ಉದ್ದೇಶ. ಹದಿನಾರು ಹೆಜ್ಜೆಗಳ ಒಂದು ಸ್ವರಪಂಕ್ತಿಯನ್ನು ಅದರಲ್ಲಿ ತುಂಬಿಟ್ಟರೆ ದಣಿಯದೆ ಅದನ್ನೇ ತಿರುತಿರುಗಿ ನುಡಿಯುವುದು. ಪ್ರತಿ ಹೆಜ್ಜೆಗೂ ಬೇಕಾದರೆ ಒತ್ತು ಕೊಡಬಹುದು. ಬೇಕಾದರೆ ಮುಂದಿನ ಸ್ವರಕ್ಕೆ ಜಾರಿಸಬಹುದು. ಗಿಟಾರ್ ವಾದಕರಿಗೆ ಅದು ಹಿಡಿಸಲಿಲ್ಲ. ಅದರ ನಾದ ಯಾವ ತಂತಿವಾದ್ಯವನ್ನೂ ಹೋಲುತ್ತಿರಲಿಲ್ಲ. 1984ರ ಹೊತ್ತಿಗೆ ಕಂಪನಿ ಅದರ ತಯಾರಿಕೆಯನ್ನೇ ನಿಲ್ಲಿಸಿಬಿಟ್ಟಿತು. ಅಲ್ಲಿಗೆ ಯಂತ್ರ ಸೋತಿತು ಎಂದು ಎಲ್ಲರೂ ತಿಳಿದರು.

ಆ ಯಂತ್ರವನ್ನು ಕೊಂಡ ಕೆಲವೇ ಭಾರತೀಯರಲ್ಲಿ ಮುಂಬಯಿಯ ಚರಣಜಿತ್ ಸಿಂಗ್ ಒಬ್ಬರು. ಶಂಕರ-ಜೈಕಿಶನ್, ರಾಹುಲದೇವ ಬರ್ಮನ್, ಲಕ್ಷ್ಮೀಕಾಂತ-ಪ್ಯಾರೇಲಾಲ್ ಮೊದಲಾದವರ ವಾದ್ಯವೃಂದಗಳಲ್ಲಿ ಗಿಟಾರನ್ನೂ ಕೀಲಿಮಣೆಯ ವಾದ್ಯಗಳನ್ನೂ ನುಡಿಸುತ್ತಿದ್ದವರು. ಚಿತ್ರ ನೋಡುವವರಿಗೆ ನಟನ ಹೆಸರು ಗೊತ್ತು, ಹಾಡುವವರ ಹೆಸರು ಗೊತ್ತು, ಸಂಗೀತ ನಿರ್ದೇಶಕನ ಹೆಸರೂ ಗೊತ್ತು. ಗಾಜಿನ ಕೋಣೆಯಲ್ಲಿ ಕುಳಿತು ನುಡಿಸಿದವನ ಹೆಸರು ಮಾತ್ರ ಗೊತ್ತಿಲ್ಲ. ಅಂಥವರಲ್ಲಿ ಅವರೂ ಒಬ್ಬರು. ಆಗ ಹಿಂದೀ ಚಿತ್ರಗಳಲ್ಲಿ ಡಿಸ್ಕೋದ ಕಾಲ. ಆ ಗಾಳಿಯನ್ನು ಬೀಸಿಸಿದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಕೊಡಗಿನ ಮನೆತನದ ಬಿದ್ದು ಪ್ರಮುಖರೆಂಬುದನ್ನು ಕನ್ನಡಿಗರು ಅಷ್ಟಾಗಿ ನೆನೆಯುವುದಿಲ್ಲ. ಇಂಗ್ಲೆಂಡಿಗೆ ಹೋಗಿ ಹೆಸರು ಮಾಡಿದ ಅವರು 1980ರ ‘ಕುರ್ಬಾನಿ’ ಚಿತ್ರಕ್ಕಾಗಿ ನಾಜಿಯಾ ಹಸನ್ ಕೈಲಿ ಒಂದು ಹಾಡು ಹಾಡಿಸಿದರು. ಆ ಮೇಲೆ ಡಿಸ್ಕೋ ಇಲ್ಲದ ಚಿತ್ರವೇ ಅಪರೂಪವಾಯಿತು.

ಎಲ್ಲೆಡೆ ಡಿಸ್ಕೋ ತುಂಬಿರುವಾಗ ಆ ತಾಳದಲ್ಲೇ ಬೇರೆ ಏನನ್ನಾದರೂ ಏಕೆ ಮಾಡಬಾರದು ಎಂದು ಸಿಂಗ್ ಯೋಚಿಸಿದರಂತೆ. ತಬಲೆಯನ್ನು ತೆಗೆದರು. ಅದರ ಜಾಗದಲ್ಲಿ ರೋಲ್ಯಾಂಡಿನದೇ ಟಿ.ಆರ್.-808 ಎಂಬ ತಾಳಯಂತ್ರವನ್ನು ಕೂರಿಸಿದರು. ಮಂದ್ರಕ್ಕೆ ಟಿ.ಬಿ.-303, ರಾಗದ ಸಂಚಾರಕ್ಕೆ ಜ್ಯುಪಿಟರ್-8 ಎಂಬ ಸಿಂಥಸೈಜರ್. ಲಲಿತ, ಭೂಪಾಲಿ, ತೋಡಿ, ಮಧುವಂತಿ, ಮೇಘಮಲ್ಹಾರ, ಯಮನ್, ಕಲಾವತಿ, ಮಾಲಕಂಸ, ಬೈರಾಗಿ ಸೇರಿದಂತೆ ಹತ್ತು ರಾಗಗಳು. ಹಾಡಿಲ್ಲ, ಕಥೆಯಿಲ್ಲ, ನಾಯಕ-ನಾಯಿಕೆಯರಿಲ್ಲ. ‘ಸಿಂಥಸೈಜಿಂಗ್: ಟೆನ್ ರಾಗಾಸ್ ಟು ಎ ಡಿಸ್ಕೋ ಬೀಟ್’ ಎಂಬ ಹೆಸರಿನಿಂದ 1982ರಲ್ಲಿ ಎಚ್.ಎಂ.ವಿ. ಮುದ್ರೆಯಲ್ಲಿ ಅದು ಸಿದ್ಧವಾಯಿತು. ನಮ್ಮ ಉದಗೀರ, ನಿಲಂಗಾ ತಾಲೂಕುಗಳು ಹೊಸದಾಗಿ ಹುಟ್ಟಿದ ಲಾತೂರು ಜಿಲ್ಲೆಗೆ ಸೇರಿದ್ದೂ ಅದೇ ವರ್ಷ. ನಮಗೆ ಆಗ ಬೇರೆ ಚಿಂತೆಗಳಿದ್ದವು.

ಹಾರ್ಮೋನಿಯಂ ವಿಷಯದಲ್ಲಿ ಎದ್ದ ಆಕ್ಷೇಪಕ್ಕೆ ಇಲ್ಲೊಂದು ಉತ್ತರವಿದೆ. ಈ ವಿದ್ಯುದ್ವಾದ್ಯಗಳು ಕೀಲಿಮಣೆಯವಾದರೂ ಸ್ವರದಿಂದ ಸ್ವರಕ್ಕೆ ಜಾರಬಲ್ಲವು. ಸಿಂಗ್ ಅವರು ಆ ಜಾರುವ ಗುಣವನ್ನು ಗುರುತಿಸಿ ರಾಗಕ್ಕೆ ಒದಗಿಸಿಕೊಂಡರು. ವೀಣೆಯ ಮೀಂಡಿನ ಸೂಕ್ಷ್ಮತೆ ಅದರಲ್ಲಿದೆಯೆಂದು ನಾವು ಹೇಳಲಾರೆವು, ಇಲ್ಲ. ಎಲ್ಲ ರಾಗಕ್ಕೂ ಒಂದೇ ಓಟದ ತಾಳ ಹಾಕಿದ್ದರಿಂದ ಲಲಿತದ ಮುಂಜಾವಿನ ನಿಧಾನ ಹಾಳಾಗಿದೆ ಎಂಬ ದೂರನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಯಂತ್ರ ತಯಾರಿಸಿದವನಿಗೂ ಹೊಳೆಯದ ಉಪಯೋಗವೊಂದನ್ನು, ರಾಗವನ್ನು ಬಲ್ಲವನಾದುದರಿಂದಲೇ, ಒಬ್ಬನು ಕಂಡುಕೊಂಡನೆಂಬುದು ಚಿಕ್ಕ ಮಾತಲ್ಲ.

ಮುದ್ರಿಕೆ ಮಾರಾಟವಾಗಲಿಲ್ಲ. ರಾಗ ಬಲ್ಲವರಿಗೆ ಅದು ಡಿಸ್ಕೋ, ಡಿಸ್ಕೋ ಬೇಕೆನ್ನುವವರಿಗೆ ಅದು ರಾಗ. ಮರೆತುಹೋಯಿತು.

ಈಗ ಭೂಗೋಳದ ಮತ್ತೊಂದು ಮಗ್ಗುಲಿಗೆ ಹೋಗಬೇಕು. ಮಾರಾಟವಾಗದ ಆ ಜಪಾನಿನ ಪೆಟ್ಟಿಗೆ ಅಮೇರಿಕದ ಷಿಕಾಗೋ ನಗರದ ಹಳೆಯ ಸಾಮಾನಿನ ಅಂಗಡಿಗಳಲ್ಲಿ ಅಗ್ಗಕ್ಕೆ ಬಿದ್ದಿತ್ತು. ಫ್ಯೂಚರ್ ಎಂದು ಹೆಸರಿಟ್ಟುಕೊಂಡಿದ್ದ ಮೂವರು ಕರಿಯ ತರುಣರ ಕೈಗೆ ಅಂಥದೊಂದು ಬಂದಿತು. ಅದರಲ್ಲಿ ಸ್ವರ ತುಂಬುವ ಕ್ರಮ ಅವರಿಗೆ ಸರಿಯಾಗಿ ಬಾರದು. ಯಂತ್ರ ತಾನಾಗಿ ನುಡಿಯುತ್ತಿದ್ದಾಗ ನಾದದ ಬಣ್ಣ ಬದಲಿಸುವ ತಿರುಗುಗುಂಡಿಗಳನ್ನು ಹೊರಳಿಸುತ್ತ ಹೋದರು. ಮಂದ್ರದ ಸಾಲು ಕಿರುಚಿತು, ನರಳಿತು, ಗುಳುಗುಳಿಸಿತು. ಹತ್ತು ನಿಮಿಷಕ್ಕೂ ಮೀರಿದ, ಮಾತಿಲ್ಲದ ಒಂದು ಕುಣಿತದ ನಾದಮಾಲೆ ಹೀಗೆ ಸಿದ್ಧವಾಯಿತು. ಅದರ ಸುರುಳಿಯನ್ನು ಮ್ಯೂಸಿಕ್ ಬಾಕ್ಸ್ ಎಂಬ ನೃತ್ಯಶಾಲೆಯಲ್ಲಿ ಮುದ್ರಿಕೆಗಳನ್ನು ನುಡಿಸುತ್ತಿದ್ದ ರಾನ್ ಹಾರ್ಡಿ ಎಂಬವನಿಗೆ ಕೊಟ್ಟರು. ಮೊದಲ ಸಲ ಹಾಕಿದಾಗ ಕುಣಿಯುತ್ತಿದ್ದವರು ಅಂಗಳ ಬಿಟ್ಟು ಹೊರಟುಹೋದರು. ಹಾರ್ಡಿ ಸುರುಳಿಯನ್ನು ಹಿಂತಿರುಗಿಸಲಿಲ್ಲ. ಅದೇ ರಾತ್ರಿ ಎರಡನೆಯ ಸಲ ಹಾಕಿದನು, ಮೂರನೆಯ ಸಲ ಹಾಕಿದನು. ನಾಲ್ಕನೆಯ ಸಲಕ್ಕೆ ಜನ ಹುಚ್ಚೆದ್ದು ಕುಣಿದರಂತೆ. ‘ಆಸಿಡ್ ಟ್ರ್ಯಾಕ್ಸ್’ ಎಂಬ ಹೆಸರಿನಿಂದ 1987ರಲ್ಲಿ ಅದು ಮುದ್ರಿಕೆಯಾಗಿ ಹೊರಬಂದಿತು. ಆಸಿಡ್ ಹೌಸ್ ಎಂಬ ಒಂದು ಪಂಥವೇ ಅದರಿಂದ ಬೆಳೆದು ಇಂಗ್ಲೆಂಡನ್ನೂ ಯುರೋಪನ್ನೂ ಆವರಿಸಿತು. ಕಂಪನಿ ಕೈಬಿಟ್ಟಿದ್ದ ಪೆಟ್ಟಿಗೆಯ ಬೆಲೆ ಗಗನಕ್ಕೇರಿತು.

ಕೃತಿಯ ಗುಣದಲ್ಲಿ ಮೊದಲ ಸಲಕ್ಕೂ ನಾಲ್ಕನೆಯ ಸಲಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಅದು ಸುರುಳಿಯಲ್ಲಿ ಅಚ್ಚಾಗಿದ್ದ ನಾದ. ಬದಲಾದದ್ದು ಕಿವಿ. ಹಾಗಿದ್ದ ಮೇಲೆ ಮೊದಲ ಸಲದ ಸೋಲನ್ನು ಯಾರ ಖಾತೆಗೆ ಬರೆಯಬೇಕು? ಮುಂಬಯಿಯ ಮುದ್ರಿಕೆಗೂ ಷಿಕಾಗೋದ ಮುದ್ರಿಕೆಗೂ ಇದ್ದ ಮುಖ್ಯ ಅಂತರ ಪ್ರತಿಭೆಯದಲ್ಲ, ಎರಡನೆಯ ಸಲ ಹಾಕುವವನೊಬ್ಬನು ಅಲ್ಲಿದ್ದನು, ಇಲ್ಲಿರಲಿಲ್ಲ ಎಂಬುದೇ ಎಂದು ನಮ್ಮ ಅಭಿಪ್ರಾಯ.

ಇದಕ್ಕೆ ಒಂದು ಆಕ್ಷೇಪ ಏಳುತ್ತದೆ. ತಿರುತಿರುಗಿ ಕೇಳಿಸಿದರೆ ಯಾವ ಕಸವಾದರೂ ರುಚಿಸುವುದಲ್ಲವೇ? ಜಾಹೀರಾತಿನವರು ಮಾಡುವುದೂ ಅದನ್ನೇ ಅಲ್ಲವೇ? ಆಕ್ಷೇಪ ಸರಿಯಾದುದು. ಆದರೆ ಮ್ಯೂಸಿಕ್ ಬಾಕ್ಸಿನಲ್ಲಿ ಬಾಗಿಲು ತೆರೆದಿತ್ತು. ಬೇಡವಾದವರು ಎದ್ದು ಹೋದರು, ಮತ್ತೆ ಬಂದರು. ಹೊಣೆಯೆಂಬುದು ಬಿಡುವ ಸ್ವಾತಂತ್ರ್ಯವಿದ್ದಲ್ಲಿ ಮಾತ್ರ ಹುಟ್ಟುವುದು. ನಮ್ಮ ಬೀದಿಯ ಡಿ.ಜೆ. ಮನೆಯ ಗೋಡೆಯನ್ನೂ ಹಸುಗೂಸಿನ ತೊಟ್ಟಿಲನ್ನೂ ನಡುಗಿಸುವಾಗ ನಮಗೆ ಆ ಸ್ವಾತಂತ್ರ್ಯವಿಲ್ಲ. ಅಲ್ಲಿ ಕಿವಿಯ ಹೊಣೆಯ ಮಾತನ್ನು ನಾವು ಆಡುವುದಿಲ್ಲ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂದು 2000ದ ನಿಯಮಗಳು ಹೇಳುವುದು ಸಂಗೀತದ ವಿರುದ್ಧವಲ್ಲ, ಒತ್ತಾಯದ ವಿರುದ್ಧ.

ಚರಣಜಿತ್ ಸಿಂಗರ ಕಥೆ ಇಲ್ಲಿಗೆ ಮುಗಿಯದು. 2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದಿಲ್ಲಿಯ ಒಂದು ಅಂಗಡಿಯಲ್ಲಿ ಆ ಹಳೆಯ ಮುದ್ರಿಕೆ ಸಿಕ್ಕಿತು. ಕೇಳಿ ಬೆರಗಾದ ಅವರು ಮುಂಬಯಿಯಲ್ಲಿ ಸಿಂಗರನ್ನು ಹುಡುಕಿ ಕಂಡು, 2010ರಲ್ಲಿ ಅದನ್ನು ಮರುಮುದ್ರಿಸಿದರು. ‘ಷಿಕಾಗೋಕ್ಕಿಂತ ಐದು ವರ್ಷ ಮೊದಲೇ ಮುಂಬಯಿಯಲ್ಲಿ ಆಸಿಡ್ ಹೌಸ್!’ ಎಂದು ಪಶ್ಚಿಮದ ಪತ್ರಿಕೆಗಳು ಉದ್ಗಾರ ತೆಗೆದವು. ಇದು ನಿಜವಿರಲಾರದು, ಈಗಿನ ಯಾವನೋ ಪಾಶ್ಚಾತ್ಯ ಸಂಗೀತಗಾರನ ಕುಚೋದ್ಯವಿರಬೇಕು ಎಂದು ಸಂಶಯಪಟ್ಟವರೂ ಉಂಟು. ಎಪ್ಪತ್ತರ ಆಚೀಚಿನ ವಯಸ್ಸಿನಲ್ಲಿ ಸಿಂಗರು ಯುರೋಪಿನ ವೇದಿಕೆಗಳಲ್ಲಿ ತಮ್ಮ ರಾಗಗಳನ್ನು ನುಡಿಸಿ ತರುಣರನ್ನು ಕುಣಿಸಿದರು. 2015ರಲ್ಲಿ ಮುಂಬಯಿಯಲ್ಲಿ ತೀರಿಕೊಂಡರು.

ತಡವಾದರೂ ನ್ಯಾಯ ದೊರೆಯಿತು ಎಂದು ನಾವು ಸಂತೋಷಪಡಬಹುದು. ಪಟ್ಟೆವು ಕೂಡ. ಆದರೆ ಸಂತೋಷದ ಕೆಳಗೆ ಒಂದು ಮುಳ್ಳಿದೆ. ಆಸಿಡ್ ಹೌಸಿನ ಪಿತಾಮಹನೆಂಬ ಬಿರುದು ಸಿಂಗರಿಗೆ ಸಲ್ಲುವುದೇ? ಷಿಕಾಗೋದ ತರುಣರು ಅವರನ್ನು ಕೇಳಿರಲಿಲ್ಲ. ಅವರೂ ಷಿಕಾಗೋವನ್ನು ನೆನೆದು ನುಡಿಸಿರಲಿಲ್ಲ. ಮಕ್ಕಳಿಲ್ಲದವನನ್ನು ಪಿತಾಮಹನೆಂದು ಕರೆದರೆ ಅದು ಗೌರವವಲ್ಲ, ಲೆಕ್ಕದ ತಪ್ಪು. 1982ರಲ್ಲಿ ಅವರ ಮುದ್ರಿಕೆಯನ್ನು ಪರಿಚಿತವಾದ ಯಾವುದನ್ನೂ ಹೋಲುವುದಿಲ್ಲವೆಂದು ತಳ್ಳಿದರು. 2010ರಲ್ಲಿ ಪರಿಚಿತವಾದ ಒಂದನ್ನು ಹೋಲುತ್ತದೆಂದು ಎತ್ತಿಕೊಂಡರು. ಎರಡು ಸಲವೂ ಕೇಳಿದ್ದು ಹೋಲಿಕೆಯನ್ನು. ಭೂಪಾಲಿಯ ಐದು ಸ್ವರಗಳು ಆ ಯಂತ್ರದಲ್ಲಿ ಹೇಗೆ ನಡೆದವು, ಎಲ್ಲಿ ಎಡವಿದವು, ಎಲ್ಲಿ ಹಾರಿದವು ಎಂದು ಕೇಳಿದವರು ಎಷ್ಟು ಮಂದಿ?

ಗಡಿನಾಡಿನ ನಮಗೆ ಈ ಅನುಭವ ಹೊಸದಲ್ಲ. ಉದಗೀರ, ನಿಲಂಗಾಗಳು 1956ರ ವರೆಗೆ ಬೀದರ ಜಿಲ್ಲೆಯಲ್ಲಿದ್ದವು. ಗೆರೆ ಸರಿಯಿತು, ನಾಲಿಗೆ ಸರಿಯಲಿಲ್ಲ. ನಮ್ಮ ಶಾಲೆಯಲ್ಲಿ ಕಲಿತ ಹುಡುಗ ಕಾಲೇಜಿಗೆಂದು ದಕ್ಷಿಣಕ್ಕೆ ಹೋಗಿ ಬಾಯಿ ತೆರೆದರೆ ಕೆಲವರು ಅವನ ಮಾತಿನಲ್ಲಿ ಮರಾಠಿಯೆಷ್ಟು, ಉರ್ದು ಎಷ್ಟು ಎಂದು ಎಣಿಸಿ ನಗುತ್ತಾರೆ. ಸಜ್ಜನರು ನಗುವುದಿಲ್ಲ; ‘ಗಡಿ ಕಾಯುವ ಕನ್ನಡ’ವೆಂದು ಶಾಲು ಹೊದಿಸುತ್ತಾರೆ. ಪಾಪ, ಆ ಹುಡುಗ ಕೇಳಿದ್ದು ಗ್ರಂಥಾಲಯಕ್ಕೆ ದಾರಿ ಯಾವುದು ಎಂದು. ನಗೆಯೂ ಶಾಲೂ ಆ ಪ್ರಶ್ನೆಗೆ ಉತ್ತರ ಕೊಡಲಿಲ್ಲ. ಅಧ್ಯಾಪಕರಾದ ನಾವು ಕಡಿಮೆಯವರೇನಲ್ಲ. ಉತ್ತರಪತ್ರಿಕೆಗಳ ಕಟ್ಟು ಮುಂದಿಟ್ಟುಕೊಂಡ ರಾತ್ರಿ ಮಾದರಿ ಉತ್ತರವನ್ನು ಹೋಲುವುದಕ್ಕೆ ಅಂಕ, ಹೋಲದ್ದಕ್ಕೆ ಕೆಂಪು ಗೆರೆ. ಎರಡನೆಯ ಸಲ ಓದಿದ ಪತ್ರಿಕೆಗಳೆಷ್ಟು ಎಂದು ನಮ್ಮನ್ನೇ ಕೇಳಿಕೊಂಡರೆ ಉತ್ತರ ನಾಚಿಕೆ ತರುವಂತಹದು.

ಎರಡನೆಯ ಸಲ ಕೇಳುವವನು ನಮ್ಮ ನಾಡಿನಲ್ಲಿ ಹುಟ್ಟಲೇ ಇಲ್ಲವೆಂದಲ್ಲ. ಉಮರ್ಗಾಕ್ಕೆ ಸಮೀಪದ ಕಲ್ಯಾಣದಲ್ಲಿ ಹನ್ನೆರಡನೆಯ ಶತಮಾನದಲ್ಲಿ ನುಡಿದ ಮಾತುಗಳು ತಾಳೆಗರಿಗಳಲ್ಲಿ ಮನೆಮನೆಯ ಜಗುಲಿಯ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದವು. ಪೂಜೆಯಿತ್ತು, ಓದಿರಲಿಲ್ಲ. ವಿಜಾಪುರದ ವಕೀಲರಾದ ಫ. ಗು. ಹಳಕಟ್ಟಿಯವರು ಆ ಗಂಟುಗಳನ್ನು ಬಿಚ್ಚಿಸಿ, ಪ್ರತಿ ಮಾಡಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು, ಮುಂದೆ ತಾವೇ ಮುದ್ರಣಾಲಯವನ್ನೂ ‘ಶಿವಾನುಭವ’ ಪತ್ರಿಕೆಯನ್ನೂ ನಡೆಸಿ ಬದುಕನ್ನೇ ಅದಕ್ಕೆ ತೆತ್ತರು. ವಚನಗಳ ಒಂದಕ್ಷರವನ್ನೂ ಅವರು ರಚಿಸಲಿಲ್ಲ. ಆದರೆ ಅವರನ್ನು ಬಿಟ್ಟು ಇಂದು ವಚನದ ಮಾತನಾಡುವವರಿಲ್ಲ. ಷಿಕಾಗೋದ ನೃತ್ಯಶಾಲೆಯವನನ್ನು ಅವರ ಪಕ್ಕದಲ್ಲಿ ಕೂರಿಸಿದೆವೆಂದು ಕೆಲವರಿಗೆ ಕೋಪ ಬರಬಹುದು. ಸಾಹಸದ ಗಾತ್ರ ಬೇರೆ, ಉದ್ದೇಶ ಬೇರೆ; ಮಾಡಿದ ಕೆಲಸದ ಜಾತಿ ಮಾತ್ರ ಒಂದೇ ಎಂದು ನಮಗೆ ತೋರುತ್ತದೆ.

ಆ ಹಾರ್ಡಿಯ ವಿಷಯದಲ್ಲಿ ಹೇಳದೆ ಉಳಿಸಿದ ಒಂದು ಸಂಗತಿಯಿದೆ. ಫ್ಯೂಚರ್ ತರುಣರ ನಾದ ಮುದ್ರಿಕೆಯಾಗುವ ಮುಂಚೆ, ಕುಣಿಯಲು ಬಂದವರು ಗುಟ್ಟಾಗಿ ಅದನ್ನು ತಮ್ಮ ಸುರುಳಿಗಳಿಗೆ ಇಳಿಸಿಕೊಂಡು ಊರೆಲ್ಲ ಹಂಚಿದ್ದರು. ಅದನ್ನು ಮಾಡಿದವರು ಯಾರೆಂದು ಅವರಿಗೆ ತಿಳಿಯದು. ಯಾರ ಕೈಯಿಂದ ಕೇಳಿದರೋ ಅವನ ಹೆಸರನ್ನೇ ಅದಕ್ಕಿಟ್ಟು, ‘ರಾನ್ ಹಾರ್ಡಿಯ ಆಸಿಡ್ ಟ್ರ್ಯಾಕ್’ ಎಂದು ಕರೆಯುತ್ತಿದ್ದರು. ಕರ್ತೃಗಳು ಜನರ ಬಾಯಿಂದ ಬಂದ ಆ ಹೆಸರನ್ನೇ ಒಪ್ಪಿಕೊಂಡು 1987ರಲ್ಲಿ ಮುದ್ರಿಕೆಯ ಮೇಲೆ ಅಚ್ಚು ಹಾಕಿಸಿದರು. ಅಚ್ಚಿನಲ್ಲಿ ಹಾರ್ಡಿಯ ಹೆಸರು ಬಿಟ್ಟುಹೋಯಿತು, ಉಳಿದ ಪದಗಳು ನಿಂತವು. ಹಾರ್ಡಿ 1992ರಲ್ಲಿ ತೀರಿಕೊಂಡನು.