ದೇವರಿಗೆ ಮಾರುವೇಷವೇಕೆ?



ಅಮೆರಿಕಾದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ಡೋವರ್ ಎಂಬುದೊಂದು ಊರು. ಪ್ರೌಢಶಾಲೆಯ ಜೀವಶಾಸ್ತ್ರದ ತರಗತಿಯಲ್ಲಿ, ವಿಕಾಸವಾದಕ್ಕೆ ಲೋಪಗಳುಂಟೆಂದೂ, ಜೀವಿಗಳನ್ನು ಬುದ್ಧಿಶಾಲಿಯಾದ ಕರ್ತೃವೊಬ್ಬನು ರಚಿಸಿದನೆಂಬ ವಾದವುಂಟೆಂದೂ ಮಕ್ಕಳಿಗೆ ತಿಳಿಸತಕ್ಕದ್ದೆಂದು 2004ರಲ್ಲಿ ಅಲ್ಲಿಯ ಶಾಲಾ ಮಂಡಳಿಯು ನಿರ್ಣಯಿಸಿತು. ಆ ಕರ್ತೃ ಯಾರೆಂದು ಮಾತ್ರ ಹೇಳಲಿಲ್ಲ. ದೇವರಿಗೆ ಮಾರುವೇಷ ತೊಡಿಸಿ ಶಾಲೆಗೆ ಕಳುಹಿದಂತಾಯಿತು.

11 ಮಂದಿ ತಂದೆತಾಯಿಗಳು ನ್ಯಾಯಾಲಯದ ಮೊರೆಹೊಕ್ಕರು. 2005ರ ಡಿಸೆಂಬರ್ 20ರಂದು ನ್ಯಾಯಾಧೀಶ ಜಾನ್ ಜೋನ್ಸ್ ಅವರು, ಇದು ವಿಜ್ಞಾನವಲ್ಲ, ಮತವಿಚಾರವೇ ಎಂದು ತೀರ್ಪಿತ್ತು ಆ ಕ್ರಮವನ್ನು ತಡೆದರು. ಭಕ್ತಿಯನ್ನು ಬಹಿರಂಗದಲ್ಲಿ ಮೆರೆಸಿದ ಮಂಡಳಿಯ ಕೆಲವರು ತಮ್ಮ ಉದ್ದೇಶವನ್ನು ಮರೆಮಾಚಲು ಪದೇ ಪದೇ ಸುಳ್ಳಾಡಿದರೆಂದೂ ತೀರ್ಪಿನಲ್ಲಿ ಬರೆದರು.

ಮಕ್ಕಳು ವಿಕಾಸವಾದವನ್ನು ಓದಿದರೆ ಭಕ್ತಿ ಕೆಡುವುದೆಂದು ಅಂಜುವ ಗೃಹಸ್ಥರು ಇದನ್ನು ನೆನೆಯಬೇಕು. ವಿಜ್ಞಾನವು ಇಂದು ಅರಿಯದ ಎಡೆಯಲ್ಲಿ ದೇವರನ್ನು ಕುಳ್ಳಿರಿಸಿದರೆ, ನಾಳೆ ಅರಿತಾಗ ಅಲ್ಲಿಂದ ಎಬ್ಬಿಸಬೇಕಾದೀತು. ಶರಣರು ಶಿವನನ್ನು ಅಂತಹ ಎಡೆಗಳಲ್ಲಿ ಅರಸಲಿಲ್ಲ. ಕರಸ್ಥಲದ ಇಷ್ಟಲಿಂಗದಲ್ಲಿ, ಕಾಯಕದಲ್ಲಿ, ಅನುಭಾವದಲ್ಲಿ ಕಂಡರು. ಮಕ್ಕಳು ಶಾಲೆಯಲ್ಲಿ ಪ್ರಕೃತಿಯನ್ನು ಪರೀಕ್ಷಿಸಿ ಅರಿಯಲಿ. ಲಿಂಗನಿಷ್ಠೆಯನ್ನೂ ಸತ್ಯವನ್ನೂ ಮನೆಯಲ್ಲಿ ನಮ್ಮ ನಡೆಯಿಂದ ಕಲಿಯಲಿ. ಸುಳ್ಳಿನ ಕಾವಲು ಬೇಕಾದ ದೇವರು ಶಿವನಲ್ಲ.