ಆರಕ್ಕೆ ಆರು

ನಮ್ಮತ್ತೆಗೆ ಆರಕ್ಕೆ ಆರು ಅಂಕ ಬಂತು. ಸ್ನಾನ, ಬಟ್ಟೆ ಉಡುವುದು, ಶೌಚ, ಹಾಸಿಗೆಯಿಂದೆದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹತೋಟಿ, ಊಟ. ಇವನ್ನೆಲ್ಲ ತಾವೇ ಮಾಡಿಕೊಳ್ಳುತ್ತಾರೆಯೇ ಎಂದು ಕೇಳಿ, ಹೌದಾದರೆ ಒಂದೊಂದಕ್ಕೆ ಒಂದಂಕ ಕೊಡುವ ಪಟ್ಟಿ ಅದು. ಅಮೆರಿಕದ ವೈದ್ಯ ಸಿಡ್ನಿ ಕಾಟ್ಜ್ ಮತ್ತು ಸಂಗಡಿಗರು 1963ರಲ್ಲಿ ಪ್ರಕಟಿಸಿದ್ದು, ಇವತ್ತಿಗೂ ಬಳಕೆಯಲ್ಲಿದೆ. ಪೂರ್ತಿ ಅಂಕ ಬಂದವರಿಗೆ ಇನ್ನೊಬ್ಬರ ಆಸರೆ ಬೇಕಿಲ್ಲ ಎಂದು ಲೆಕ್ಕ.

ಸ್ನಾನ ಅವರೇ ಮಾಡುತ್ತಾರೆ, ಸುಳ್ಳಲ್ಲ. ಮಿಂದು, ಮಡಿಸೀರೆ ಉಟ್ಟು, ದೇವರಮನೆ ಹೊಸ್ತಿಲ ಹತ್ತಿರ ಬರುವಷ್ಟರಲ್ಲಿ ಸ್ನಾನ ಆಯಿತೋ ಇಲ್ಲವೋ ಎಂಬ ಅನುಮಾನ ಹತ್ತುತ್ತದೆ. ಮೈಲಿಗೆಯಲ್ಲಿ ದೀಪ ಹಚ್ಚುವುದುಂಟೇ? ಮತ್ತೆ ಬಚ್ಚಲಿಗೆ. ಧನುರ್ಮಾಸದ ಚಳಿಯಲ್ಲೂ ಇದೇ ಕತೆ. “ಈಗ ತಾನೇ ಆಯ್ತಲ್ಲಮ್ಮ, ಕೂದಲು ನೋಡಿ” ಎಂದು ಅವರ ಕೈಯನ್ನೇ ಹಿಡಿದು ಒದ್ದೆ ಜಡೆಗೆ ಮುಟ್ಟಿಸುತ್ತೇನೆ. “ಹೌದಲ್ಲೇ!” ಎಂದು ನಗುತ್ತಾರೆ. ನಾನು ಅಡುಗೆಮನೆಗೆ ಹೋಗಿ ಒಗ್ಗರಣೆ ಹಾಕುವುದರೊಳಗೆ ಮತ್ತೆ ನಲ್ಲಿಯ ಸದ್ದು.

ಹಾಗಾಗಿ ಬಚ್ಚಲ ಒಳಚಿಲಕ ತೆಗೆಸಿದ್ದೇವೆ. ಗೀಸರ್ ಸ್ವಿಚ್ಚು ಹೊರಗಿದೆ. ರಾತ್ರಿ ಗ್ಯಾಸಿನ ರೆಗ್ಯುಲೇಟರ್ ತಿರುಗಿಸಿ ಬರುವುದು ನನ್ನ ಪಾಲಿನ ಕೆಲಸ. ಗೇಟಿಗೆ ಬೀಗ, ಏಕೆಂದರೆ ಗಟ್ಟಿ ಕಾಲಿನ ಹೆಂಗಸು, ನೂರೊಂದು ಗಣಪತಿ ಗುಡಿಗೆ ಹೋಗಿ ಬರುತ್ತೇನೆಂದು ಹೊರಟರೆ ಅಗ್ರಹಾರ ಸರ್ಕಲ್ಲಿನ ಬಸ್ಸು ಆಟೋಗಳ ನಡುವೆ ಹುಡುಕಬೇಕು. ಇದ್ಯಾವುದಕ್ಕೂ ಆ ಪಟ್ಟಿಯಲ್ಲಿ ಜಾಗವಿಲ್ಲ. ಅಮೆರಿಕದಲ್ಲಿರುವ ನಾದಿನಿ ವಿಡಿಯೋ ಕಾಲಿನಲ್ಲಿ ಹತ್ತು ನಿಮಿಷ ಮಾತಾಡಿ, “ಅಮ್ಮ ಚೆನ್ನಾಗೇ ಇದ್ದಾರಲ್ಲ ಅತ್ತಿಗೆ” ಎನ್ನುತ್ತಿದ್ದಳು. ಅವಳದೂ ಆರಕ್ಕೆ ಆರರ ಲೆಕ್ಕವೇ.

ಅಳತೆಯೇ ಬೇಡ ಎನ್ನುವವಳಲ್ಲ ನಾನು. ಅಂಚೆ ಕಚೇರಿಯ ಕೌಂಟರಿನಲ್ಲಿ ತೂಕ ಹಾಕಿಯೇ ನಿವೃತ್ತಳಾದವಳು. ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು ಅಂದಾಜು. ಯಾರಿಗೆ ಎಷ್ಟು ನೆರವು ಎಂದು ಹಂಚಬೇಕಾದರೆ ಒಂದು ತಕ್ಕಡಿ ಬೇಕೇ ಬೇಕು. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹಲವು ಸವಲತ್ತುಗಳಿಗೆ ಶೇ. 40ರಷ್ಟು ವೈಕಲ್ಯದ ಗೆರೆ ಇದೆ. ತಕ್ಕಡಿ ಇರಲಿ, ಅದರಲ್ಲಿ ಏನನ್ನು ಇಡುತ್ತೇವೆ ಎಂಬುದು ನನ್ನ ತಕರಾರು.

ಜರ್ಮನಿಯವರು ಇದನ್ನು ಪಾಡುಪಟ್ಟು ಕಲಿತರು. 1995ರಲ್ಲಿ ಅಲ್ಲಿ ಆರೈಕೆ ವಿಮೆ ಬಂದ ಮೇಲೆ ಅಗತ್ಯವನ್ನು ನಿಮಿಷಗಳಲ್ಲಿ ಅಳೆಯುತ್ತಿದ್ದರು: ಇಡೀ ಮೈ ತೊಳೆಸಲು 20ರಿಂದ 25 ನಿಮಿಷ, ತಲೆ ಬಾಚಲು ಒಂದರಿಂದ ಮೂರು. ಕೈಕಾಲು ಬಿದ್ದವರಿಗೆ ಈ ಲೆಕ್ಕ ಒಗ್ಗಿತು. ಕೈಕಾಲು ಗಟ್ಟಿಯಿದ್ದು ಬುದ್ಧಿ ಮರೆತವರು ಅಂಚಿಗೆ ಬಿದ್ದರು. ಬಾಚಿಸುವುದಕ್ಕೆ ನಿಮಿಷವುಂಟು, ದಿನವಿಡೀ ಒಂದು ಕಿವಿ ಬಚ್ಚಲ ಕಡೆ ಇಟ್ಟಿರುವುದಕ್ಕೆ ಎಷ್ಟು ನಿಮಿಷ? ಕೊನೆಗೆ 2017ರಿಂದ ನಿಮಿಷಗಳನ್ನು ಬಿಟ್ಟು, ಮನುಷ್ಯ ಎಷ್ಟರಮಟ್ಟಿಗೆ ಸ್ವತಂತ್ರವಾಗಿ ಬದುಕಬಲ್ಲ ಎಂದು ಆರು ವಿಭಾಗಗಳಲ್ಲಿ ನೋಡತೊಡಗಿದರು. ತಿಳಿವಳಿಕೆ, ನಡವಳಿಕೆಗಳಿಗೂ ಅಲ್ಲಿ ಅಂಕ ಬಂತು.

ನನಗೆ ಈ ವಿಷಯ ನಿಚ್ಚಳವಾದದ್ದು ಮಾತ್ರ ಪಕ್ಕದ ಮನೆ ಅಯ್ಯಂಗಾರ್ ಮಾಮಿಯಿಂದ. ಅತ್ತೆಗೆ ವಿಷ್ಣುಸಹಸ್ರನಾಮ ನಡುವೆ ಕಡಿದುಹೋಗುತ್ತಿದ್ದ ಕಾಲ. ನಮ್ಮವರ ಕೊರಗು ಬೇರೆಯದೇ ಆಗಿತ್ತು. ಅಂತ್ಯಕಾಲದಲ್ಲಿ ಯಾವುದನ್ನು ನೆನೆಯುತ್ತಾ ದೇಹ ಬಿಡುತ್ತೇವೋ ಅದನ್ನೇ ಸೇರುತ್ತೇವೆ ಎಂದು ಗೀತೆಯ ಎಂಟನೆಯ ಅಧ್ಯಾಯ ಹೇಳುತ್ತದಲ್ಲ, ನೆನಪೇ ಇಲ್ಲದವರ ಗತಿಯೇನು? ಜನ್ಮವಿಡೀ ಜಪ ಮಾಡಿದ ಅಮ್ಮನಿಗೆ ಕೊನೆಯ ಗಳಿಗೆಯಲ್ಲಿ ಹೆಸರು ಬಾಯಿಗೆ ಬರದಿದ್ದರೆ? “ಆತ್ಮಕ್ಕೆ ಮರೆವಿಲ್ಲ” ಎಂದು ನೆಂಟರೊಬ್ಬರು ಸಮಾಧಾನ ಹೇಳಿದರು. ಅವರ ವೇದಾಂತ ಸರಿಯೇ. ಆದರೆ ಅದನ್ನು ಹೇಳಿ ಅವರು ಕಾಫಿ ಕುಡಿದು ಹೊರಟರು.

ಮಾಮಿ ಕಾಂಪೌಂಡಿನ ಆಚೆಯಿಂದಲೇ ವರಾಹ ಚರಮಶ್ಲೋಕದ ತಾತ್ಪರ್ಯ ಹೇಳಿದರು. ಶ್ರೀವೈಷ್ಣವರಲ್ಲಿ ಅದಕ್ಕೆ ದೊಡ್ಡ ಸ್ಥಾನ, ವೇದಾಂತ ದೇಶಿಕರು ಅದರ ಮೇಲೆಯೇ ‘ರಹಸ್ಯಶಿಖಾಮಣಿ’ ಬರೆದಿದ್ದಾರೆ. ಭೂದೇವಿಗೆ ವರಾಹಸ್ವಾಮಿ ಕೊಡುವ ಮಾತು ಅದು: ಮನಸ್ಸೂ ಮೈಯೂ ನೆಟ್ಟಗಿದ್ದಾಗ ನನ್ನನ್ನು ನೆನೆದವನು ಕೊನೆಗೆ ಕಟ್ಟಿಗೆಯ ಹಾಗೆ, ಕಲ್ಲಿನ ಹಾಗೆ ಬಿದ್ದಿರುವಾಗ ಅವನನ್ನು ನಾನು ನೆನೆಯುತ್ತೇನೆ, ನಾನೇ ಕರೆದೊಯ್ಯುತ್ತೇನೆ.

ನಾವು ಸ್ಮಾರ್ತರು, ಆ ಶ್ಲೋಕ ನಮ್ಮ ಮನೆಯದಲ್ಲ. ಆದರೂ ಕೇಳಿದೊಡನೆ ಒಂದು ವಿಷಯ ಹಿಡಿಸಿತು. ನೆನೆಯುವ ಕೆಲಸವನ್ನು ಆ ಮಾತು ಮರೆತವನಿಂದ ಬಿಡಿಸಿ ಇನ್ನೊಬ್ಬನಿಗೆ ವಹಿಸುತ್ತದೆ. ಮರೆತದ್ದು ಪಾಪವಾಗುವುದಿಲ್ಲ, ಮರೆತವನ ಬೆಲೆಯೂ ಕಡಿಮೆಯಾಗುವುದಿಲ್ಲ. ನಮ್ಮವರು ಆ ದಿನದಿಂದ ಸಂಜೆ ಅಮ್ಮನ ಪಕ್ಕ ಕೂತು ಸಹಸ್ರನಾಮ ತಾವೇ ಹೇಳುತ್ತಾರೆ. ಅಲ್ಲಲ್ಲಿ ಅತ್ತೆ ದನಿಗೂಡಿಸುತ್ತಾರೆ, ಉಳಿದಂತೆ ಸೆರಗಿನ ಅಂಚು ಮಡಿಸುತ್ತಾ ಕೂರುತ್ತಾರೆ.

ಮನೆಯೊಳಗೂ ನಡೆದಿರುವುದು ಇದೇ. ಮಿಂದದ್ದು, ಮಾತ್ರೆ ನುಂಗಿದ್ದು, ಮಾವ ಹೋಗಿಬಿಟ್ಟದ್ದು, ಇದು ತಮ್ಮದೇ ಮನೆ ಎಂಬುದು, ಇವನ್ನೆಲ್ಲ ಅವರ ಬದಲು ಬೇರೆಯವರು ನೆನಪಿಟ್ಟುಕೊಳ್ಳಬೇಕಾಗಿದೆ. ಅಳೆಯಬೇಕಾದ್ದು ಇದನ್ನು. ಅವರ ಕೈಗೆ ಏನು ಸಾಧ್ಯ ಎಂಬುದು ಅರ್ಧ ಪ್ರಶ್ನೆ. ಅವರ ನೆನಪಿನಲ್ಲಿ ಎಷ್ಟು ಭಾಗವನ್ನು ಈಗ ಇನ್ನೊಬ್ಬರು ಹೊತ್ತಿದ್ದಾರೆ, ಆ ಇನ್ನೊಬ್ಬರು ಎಷ್ಟು ಮಂದಿ ಎಂಬುದು ಉಳಿದರ್ಧ. ನೋಡಿಕೊಳ್ಳುವವರ ಬವಣೆ ಅಳೆಯಲು ಸ್ಟೀವನ್ ಜ಼ರಿಟ್ ಮತ್ತು ಸಂಗಡಿಗರು 1980ರಲ್ಲೇ ಪ್ರಶ್ನಾವಳಿ ಮಾಡಿದ್ದಾರೆ, ಅದು ಒಳ್ಳೆಯದೇ. ಆದರೆ ನಾನು ಎಷ್ಟು ದಣಿದಿದ್ದೇನೆ ಎಂಬುದು ಬೇರೆ, ಅತ್ತೆಗೆ ಎಷ್ಟು ಬೇಕು ಎಂಬುದು ಬೇರೆ. ನಾನು ದಣಿಯದಿದ್ದರೂ ಅವರಿಗೆ ಬೇಕಾದ್ದು ಅಷ್ಟೇ ಇರುತ್ತದೆ.

ದೇವರು ನೆನೆಯುತ್ತಾನೆ ಎಂದು ನಂಬಿದ್ದೇನೆ. ಹಾಗೆಂದು ಗ್ಯಾಸ್ ರೆಗ್ಯುಲೇಟರನ್ನು ಅವನಿಗೆ ಬಿಡಲಾಗದು. ಅವನು ಕೊಟ್ಟದ್ದು ಗತಿಯ ಭರವಸೆ, ಬಾಕಿ ನಮ್ಮ ಪಾಲು. ಆ ಪಾಲನ್ನು ಸೊಸೆಯೊಬ್ಬಳ ತಲೆಗೆ ಕಟ್ಟಿ ಅದಕ್ಕೆ ಪುಣ್ಯ ಎಂದು ಹೆಸರಿಡುವುದು ಧರ್ಮವಲ್ಲ. ಈಗ ಮಾತ್ರೆಯ ಲೆಕ್ಕ ನಾದಿನಿಯದು: ಅಲ್ಲಿಂದಲೇ ಹೊತ್ತಿಗೆ ಸರಿಯಾಗಿ ಫೋನು ಮಾಡಿ, ನುಂಗಿದ್ದನ್ನು ಕಣ್ಣಾರೆ ನೋಡಿ ಇಡುತ್ತಾಳೆ. ಚೆನ್ನಾಗೇ ಇದ್ದಾರಲ್ಲ ಎನ್ನುವ ಮಾತು ಅವಳ ಬಾಯಿಂದ ಆಮೇಲೆ ಬಂದಿಲ್ಲ.